ಅರವತ್ತು ಸೆಂಟಿಮೀಟರ್

"ಆಗಿನ ಅಂಬಾಸಿಡರ್ ಅಂದರೆ ಅಂಬಾಸಿಡರ್. ಗುದ್ದಿದರೆ ಗೋಡೆಯೇ ಬೀಳಬೇಕು. ಈಗಿನವೆಲ್ಲ ಬರೀ ಡಬ್ಬ." ಕಾರಿನ ಮಾತು ಬಂದ ಕಡೆ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಹೆದ್ದಾರಿಯ ಪಕ್ಕ ಮೂತಿ ಪೂರ್ತಿ ಮುದುಡಿಕೊಂಡು ನಿಂತ ಹೊಸ ಕಾರೊಂದನ್ನು ಕಂಡಾಗ ಹೌದಲ್ಲ ಅನಿಸುವುದೂ ಸಹಜ. ಆದರೆ ಅಂಥ ಕಾರಿನ ಮೂತಿಯನ್ನು ಬಿಟ್ಟು ಬಾಗಿಲನ್ನು ನೋಡಬೇಕು. ಬಾನೆಟ್ ಅಪ್ಪಚ್ಚಿಯಾಗಿದ್ದರೂ ಮುಂದಿನ ಬಾಗಿಲು ಎಂದಿನಂತೆ ತೆರೆಯುತ್ತಿದೆಯೆ? ಮುಂದಿನ ಗಾಜಿನ ಅಕ್ಕಪಕ್ಕದ ಕಂಬಗಳು ನೆಟ್ಟಗಿವೆಯೆ? ಹಾಗಿದ್ದರೆ ಆ ಕಾರು ಯಾವುದಕ್ಕಾಗಿ ತಯಾರಾಗಿತ್ತೋ ಅದನ್ನು ಮಾಡಿ ಮುಗಿಸಿದೆ.

ಹಳೆಯದು ಗಟ್ಟಿ ಎಂಬ ನಂಬಿಕೆಯನ್ನು 2009ರಲ್ಲಿ ಒಮ್ಮೆ ನೇರವಾಗಿಯೇ ಪರೀಕ್ಷಿಸಿದರು. ಹೆದ್ದಾರಿ ಸುರಕ್ಷತೆಗಾಗಿ ಅಮೆರಿಕದ ವಿಮಾ ಕಂಪನಿಗಳು ಕಟ್ಟಿಕೊಂಡ ಸಂಸ್ಥೆಯೊಂದಿದೆ. ತನ್ನ ಐವತ್ತನೇ ವರ್ಷಕ್ಕೆ ಅದು 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಾಲಿಬು ಕಾರುಗಳನ್ನು ಎದುರುಬದುರು ಓಡಿಸಿ ಗುದ್ದಿಸಿತು. ಎರಡರ ವೇಗವೂ ಗಂಟೆಗೆ ಸುಮಾರು 64 ಕಿ.ಮೀ. ತೂಕದಲ್ಲಿ ಅಂಥ ವ್ಯತ್ಯಾಸವಿಲ್ಲ. ಬೆಲ್ ಏರ್ ಉದ್ದನೆಯ ಮೂತಿಯ, ದಪ್ಪ ತಗಡಿನ, ನೋಡಿದರೆ ರಥದಂತಿದ್ದ ಕಾರು. ನಿಧಾನಗತಿಯ ಚಿತ್ರದಲ್ಲಿ ಅದರ ಗಾಜಿನ ಕಂಬ ಒಳಕ್ಕೆ ಮಡಚಿಕೊಳ್ಳುತ್ತದೆ, ಡ್ಯಾಶ್‌ಬೋರ್ಡ್ ಸೀಟಿನತ್ತ ನುಗ್ಗುತ್ತದೆ, ಬೆಲ್ಟಿಲ್ಲದ ಬೊಂಬೆ ಸ್ಟೀರಿಂಗಿಗೆ ಅಪ್ಪಳಿಸುತ್ತದೆ. ಮಾಲಿಬು ಕಾರಿನ ಮೂತಿಯೂ ನಜ್ಜುಗುಜ್ಜಾಯಿತು. ಆದರೆ ಚಾಲಕ ಕೂತ ಜಾಗ ಹಾಗೆಯೇ ಉಳಿಯಿತು. ಬೊಂಬೆಯಲ್ಲಿದ್ದ ಉಪಕರಣಗಳ ಪ್ರಕಾರ ಅಲ್ಲಿ ಮನುಷ್ಯನಿದ್ದಿದ್ದರೆ ಕಾಲಿಗೆ ಸಣ್ಣಪುಟ್ಟ ಗಾಯವಾಗುತ್ತಿತ್ತು, ಅಷ್ಟೆ. ಹಳೆಯ ಕಾರಿನ ಚಾಲಕ ಬದುಕುವುದು ಅನುಮಾನವಿತ್ತು.

ಇದರ ಹಿಂದಿರುವುದು ಪಿಯುಸಿ ಮಟ್ಟದ ಭೌತಶಾಸ್ತ್ರ. ಜಗಲಿಯಿಂದ ಕೆಳಕ್ಕೆ ಹಾರುವವರು ನೆಲ ಮುಟ್ಟುವಾಗ ಮೊಣಕಾಲು ಮಡಿಸುತ್ತಾರೆ. ಕಾಲನ್ನು ಸೆಟೆದು ಹಾರಿದರೆ ಪೆಟ್ಟು ಬೆನ್ನುಮೂಳೆಗೆ ಹೋಗುತ್ತದೆ. ಎರಡೂ ಸಲ ಹಾರಿದ ಎತ್ತರ ಅದೇ, ನೆಲವೂ ಅದೇ. ಬದಲಾಗಿದ್ದು ನಿಲ್ಲುವುದಕ್ಕೆ ಸಿಕ್ಕ ದೂರ. ಕಾರಿನ ಲೆಕ್ಕವೂ ಇದೇ. ಗಂಟೆಗೆ 50 ಕಿ.ಮೀ. ನಮಗೆ ದೊಡ್ಡ ವೇಗವಲ್ಲ, ಊರೊಳಗಿನ ರಿಂಗ್ ರಸ್ತೆಯಲ್ಲೂ ಓಡಿಸುತ್ತೇವೆ. ಅದು ಸೆಕೆಂಡಿಗೆ ಸುಮಾರು 14 ಮೀಟರ್. ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯ ಮಟ್ಟದಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗ. ಕಾರು ಗೋಡೆಗೆ ಗುದ್ದಿ ಅದರ ಮೂತಿ 60 ಸೆಂಟಿಮೀಟರ್ ಮುದುಡಿತು ಎಂದುಕೊಳ್ಳೋಣ. ಕಾರಿನ ಜೊತೆಜೊತೆಗೇ ನಿಲ್ಲುವ ಮನುಷ್ಯನ ಮೇಲೆ ಅವನ ತೂಕದ ಸುಮಾರು 16 ಪಟ್ಟು ಬಲ ಬೀಳುತ್ತದೆ. 60 ಕೆ.ಜಿ.ಯವರಿಗೆ ಒಂದು ಟನ್ನಿನಷ್ಟು. ಎದೆಗೂಡು, ಸೊಂಟದ ಮೂಳೆಗಳ ಮೇಲೆ ಹಂಚಿ ಬಿದ್ದರೆ ಆರೋಗ್ಯವಂತ ದೇಹ ಇದನ್ನು ತಡೆದುಕೊಳ್ಳಬಲ್ಲದು. ಬೆಲ್ಟ್ ಹಾಕದವರ ಕಥೆ ಬೇರೆ. ಕಾರು ಮುದುಡುತ್ತಾ ನಿಲ್ಲುತ್ತಿರುವಾಗ ಅವರು ಇನ್ನೂ ಅದೇ 50ರ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತಾರೆ. ಕೊನೆಗೆ ಡ್ಯಾಶ್‌ಬೋರ್ಡಿಗೋ ಗಾಜಿಗೋ ಬಡಿದು ಐದಾರು ಸೆಂಟಿಮೀಟರಿನಲ್ಲಿ ನಿಲ್ಲಬೇಕು. ಐದು ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಬಲ ತೂಕದ ಸುಮಾರು 200 ಪಟ್ಟು. ಮುದುಡಿದ ಮೂತಿ ಗಳಿಸಿಕೊಟ್ಟ 60 ಸೆಂಟಿಮೀಟರಿನಲ್ಲಿ ಒಂದಂಶವೂ ಅವರ ಪಾಲಿಗೆ ಬರಲಿಲ್ಲ.

ಕಾರಿನ ರಕ್ಷಣಾ ವ್ಯವಸ್ಥೆಯ ಒಂದೊಂದು ಸಾಧನವೂ ಈ ಅರವತ್ತು ಸೆಂಟಿಮೀಟರನ್ನು ಗಳಿಸುವುದಕ್ಕೋ, ಗಳಿಸಿದ್ದನ್ನು ಕೂತವರಿಗೆ ತಲುಪಿಸುವುದಕ್ಕೋ ಇದೆ.

ಗಳಿಸುವ ಕೆಲಸಕ್ಕೆ ತಳಹದಿ ಹಾಕಿದವನು ಮರ್ಸಿಡಿಸ್-ಬೆಂಜ್ ಕಂಪನಿಯ ಎಂಜಿನಿಯರ್ ಬೇಲಾ ಬರೆನ್ಯಿ. ಇಡೀ ಕಾರು ಒಂದೇ ಸಮ ಗಟ್ಟಿಯಾಗಿರಬೇಕು ಎಂದು ಎಲ್ಲರೂ ನಂಬಿದ್ದಾಗ ಅವನು 1951ರಲ್ಲಿ ಪೇಟೆಂಟಿಗೆ ಸಲ್ಲಿಸಿದ ವಿನ್ಯಾಸ ಕಾರನ್ನು ಮೂರು ಪಾಲು ಮಾಡಿತು. ನಡುವೆ ಜನ ಕೂರುವ ಗಟ್ಟಿ ಗೂಡು, ಹಿಂದೆ ಮುಂದೆ ಮುದುಡುವ ಭಾಗಗಳು. 1959ರ ಮರ್ಸಿಡಿಸ್ ಕಾರುಗಳಲ್ಲಿ ಅದು ರಸ್ತೆಗಿಳಿಯಿತು. ಇಂದು ನಮ್ಮ ಸಾಧಾರಣ ಕುಟುಂಬದ ಕಾರಿನಲ್ಲೂ ಬಂಪರಿನ ಹಿಂದೆ ಎರಡು ಉದ್ದನೆಯ ಉಕ್ಕಿನ ಪೆಟ್ಟಿಗೆ ತೊಲೆಗಳಿರುತ್ತವೆ. ಎಲ್ಲಿ ಮೊದಲು ಮಡಚಬೇಕು, ಆಮೇಲೆ ಎಲ್ಲಿ ಎಂಬುದು ಅವುಗಳ ಮೇಲೆ ಒತ್ತಿದ ಗೀರುಗಳಲ್ಲೇ ತೀರ್ಮಾನವಾಗಿರುತ್ತದೆ. ಗೂಡಿನ ಕಂಬಗಳಿಗೆ ಬಳಸುವುದು ಬೇರೆಯೇ ಉಕ್ಕು. ಬೋರಾನ್ ಬೆರೆಸಿ, ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ತಟ್ಟನೆ ತಣಿಸಿದಾಗ ಅದಕ್ಕೆ ಮಾಮೂಲು ತಗಡಿನ ನಾಲ್ಕೈದು ಪಟ್ಟು ಬಲ ಬರುತ್ತದೆ. ಬಾಗಿಲಿನ ತಗಡನ್ನು ಬೆರಳಿನಿಂದ ಒತ್ತಿ ನೋಡಿ ಕಾರು ಗಟ್ಟಿಯೋ ಅಲ್ಲವೋ ಎಂದು ತೀರ್ಪು ಕೊಡುವವರಿಗೆ ಈ ಉಕ್ಕು ಕಾಣುವುದೇ ಇಲ್ಲ, ಅದು ಒಳಗಿರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಮೂತಿಯ ಮುಂದೆ ಕೆಲವರು ದಪ್ಪ ಕಬ್ಬಿಣದ ಬುಲ್ ಬಾರ್ ಕೂರಿಸುತ್ತಾರೆ. ಅದರಿಂದ ಪೆಟ್ಟು ಹೋಗಬಾರದ ದಾರಿಯಲ್ಲಿ ತೊಲೆಗಳಿಗೆ ಹೋಗುತ್ತದೆ, ಏರ್‌ಬ್ಯಾಗಿನ ಸೆನ್ಸರ್‌ಗಳ ಲೆಕ್ಕವೂ ತಪ್ಪಬಹುದು, ದಾರಿಹೋಕರಿಗಂತೂ ಅದು ನೇರ ಅಪಾಯ. ಅದು ಕಾನೂನುಬಾಹಿರ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಹೇಳಿದ್ದರೂ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ.

ಗಳಿಸಿದ್ದನ್ನು ತಲುಪಿಸುವ ಕೆಲಸ ಸೀಟ್ ಬೆಲ್ಟಿನದು. ಮನುಷ್ಯ ದೇಹ ಎಷ್ಟು ತಡೆದೀತು ಎಂಬುದನ್ನು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡಿದ್ದ. 1954ರ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಯಲ್ಲಿ ರಾಕೆಟ್ ಕಟ್ಟಿದ ಬಂಡಿಯಲ್ಲಿ ಗಂಟೆಗೆ ಸಾವಿರ ಕಿ.ಮೀ. ಮೀರಿದ ವೇಗ ಮುಟ್ಟಿ, 1.4 ಸೆಕೆಂಡಿನಲ್ಲಿ ನಿಂತ. ಅವನ ಮೇಲೆ ಬಿದ್ದದ್ದು ತೂಕದ 46 ಪಟ್ಟು ಬಲ. ಕಣ್ಣುಗಳಲ್ಲಿ ರಕ್ತ ತುಂಬಿಕೊಂಡಿತು, ಆದರೆ ಬದುಕಿದ. ಬದುಕಿದ್ದು ಬಂಡಿಗೆ ಭದ್ರವಾಗಿ ಕಟ್ಟಿದ್ದ ಪಟ್ಟಿಗಳಿಂದ. ಐದು ವರ್ಷದ ನಂತರ, ಸಾಬ್ ಕಂಪನಿಯಲ್ಲಿ ಯುದ್ಧವಿಮಾನಗಳಿಂದ ಪೈಲಟ್‌ಗಳನ್ನು ಹೊರಚಿಮ್ಮಿಸುವ ಸೀಟಿನ ಮೇಲೆ ಕೆಲಸ ಮಾಡಿ ವೋಲ್ವೋಗೆ ಬಂದಿದ್ದ ಸ್ವೀಡನ್ನಿನ ನಿಲ್ಸ್ ಬೋಲಿನ್, ಇಂದು ನಾವು ಬಳಸುವ ಮೂರು ಬಿಂದುವಿನ ಬೆಲ್ಟ್ ರೂಪಿಸಿದ. ಒಂದು ಪಟ್ಟಿ ಸೊಂಟದ ಮೂಳೆಯ ಮೇಲೆ, ಇನ್ನೊಂದು ಎದೆಗೂಡು ಮತ್ತು ಹೆಗಲಿನ ಮೇಲೆ. ಎರಡೂ ಸೊಂಟದ ಪಕ್ಕದಲ್ಲಿ ಸೇರುತ್ತವೆ, ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. ಹೊಟ್ಟೆಯ ಮೆತ್ತನೆ ಭಾಗವನ್ನು ಬಿಟ್ಟು ಮೂಳೆಗಳ ಮೇಲಷ್ಟೇ ಬಲ ಹಾಕುವುದು ಅದರ ಜಾಣತನ. ವೋಲ್ವೋ ಆ ಪೇಟೆಂಟನ್ನು ಬೇರೆ ಕಾರು ಕಂಪನಿಗಳಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ವಾಹನೋದ್ಯಮದ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸಿದ ತೀರ್ಮಾನ ಮತ್ತೊಂದು ಇರಲಾರದು ಎಂದೇ ನನ್ನ ನಂಬಿಕೆ.

ನಿಂತ ಕಾರಿನಲ್ಲಿ ಕೂತು ಬೆಲ್ಟನ್ನು ಮೆಲ್ಲಗೆ ಎಳೆದು ನೋಡಿ, ಸಲೀಸಾಗಿ ಬರುತ್ತದೆ. ಸರಕ್ಕನೆ ಎಳೆಯಿರಿ, ಹಿಡಿದುಕೊಳ್ಳುತ್ತದೆ. ಪಟ್ಟಿಯನ್ನು ಎಳೆಯದಿದ್ದರೂ ಕಾರಿನ ಅಲುಗಾಟಕ್ಕೇ ಹೀಗೆ ಹಿಡಿದುಕೊಳ್ಳುವ ಏರ್ಪಾಡೂ ಇದೆ. ಕಂಬದ ಬುಡದಲ್ಲಿ, ಪಟ್ಟಿ ಸುತ್ತಿಕೊಳ್ಳುವ ರಾಟೆಯ ಪಕ್ಕ ಒಂದು ಪುಟ್ಟ ಬಟ್ಟಲಲ್ಲಿ ಗುಂಡೊಂದು ಕೂತಿರುತ್ತದೆ. ಕಾರು ಜೋರಾಗಿ ಮುಗ್ಗರಿಸಿದರೆ ಅಥವಾ ವಾಲಿದರೆ ಗುಂಡು ಬಟ್ಟಲಿನ ಅಂಚಿಗೇರಿ ಮೇಲಿನ ಕೊಂಡಿಯನ್ನು ಎತ್ತುತ್ತದೆ, ಕೊಂಡಿ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ರಾಟೆ ನಿಲ್ಲುತ್ತದೆ. ಇದಕ್ಕೆ ಕರೆಂಟೂ ಬೇಡ, ಕಂಪ್ಯೂಟರೂ ಬೇಡ. ಇದರ ಮೇಲೆ ಈಚಿನ ಕಾರುಗಳ ಮುಂದಿನ ಸೀಟುಗಳಲ್ಲಿ ಇನ್ನೆರಡು ಏರ್ಪಾಡುಗಳಿವೆ. ಗುದ್ದಿದ ಸೂಚನೆ ಸಿಕ್ಕ ತಕ್ಷಣ ಸಣ್ಣ ಮದ್ದಿನ ಗುಳಿಗೆಯೊಂದು ಸಿಡಿದು, ಆ ಅನಿಲದ ಒತ್ತಡ ಬೆಲ್ಟನ್ನು ಕೆಲವು ಸೆಂಟಿಮೀಟರ್ ಒಳಕ್ಕೆ ಸೆಳೆಯುತ್ತದೆ. ಅಂಗಿ, ಸ್ವೆಟರ್, ಸೀರೆಯ ನೆರಿಗೆಗಳ ನಡುವೆ ಇದ್ದ ಸಡಿಲವೆಲ್ಲ ಆಗ ಹೋಗುತ್ತದೆ. ಅದಾದ ಮೇಲೆ ಎದೆಯ ಮೇಲಿನ ಬಲ ಒಂದು ಮಿತಿ ದಾಟಿದರೆ ರಾಟೆಯ ನಡುವಿನ ಉಕ್ಕಿನ ಸರಳು ತಿರುಚಿಕೊಳ್ಳುತ್ತಾ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತದೆ. ಮೊದಲು ಬಿಗಿ, ಆಮೇಲೆ ಹದವಾಗಿ ಸಡಿಲ. ಹಾಗೆ ಬಿಟ್ಟುಕೊಟ್ಟ ಪ್ರತಿ ಸೆಂಟಿಮೀಟರೂ ಕಾರಿನ ಮೂತಿ ಗಳಿಸಿಕೊಟ್ಟದ್ದಕ್ಕೆ ಸೇರುತ್ತದೆ. ಪಕ್ಕೆಲುಬು ಮುರಿಯುವ ಅಪಾಯ ತಗ್ಗುತ್ತದೆ. ತಿರುಚಿದ ಸರಳು ಮತ್ತೆ ನೆಟ್ಟಗಾಗುವುದಿಲ್ಲ. ಜೋರಾಗಿ ಗುದ್ದಿದ ಕಾರಿನ ಬೆಲ್ಟನ್ನು ಪೂರ್ತಿ ಬದಲಾಯಿಸದೆ ಮತ್ತೆ ಬಳಸುವುದು ತಪ್ಪು.

ಏರ್‌ಬ್ಯಾಗ್ ಬರುವುದು ಇದಾದ ಮೇಲೆ. ಸೆನ್ಸರ್ ಡಿಕ್ಕಿಯನ್ನು ಗುರುತಿಸಿದ ಮೇಲೆ ಚೀಲ ತುಂಬಲು ಬೇಕಾದದ್ದು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಭಾಗ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಿಂದೆ ಸೋಡಿಯಂ ಅಜೈಡ್ ಉರಿಸಿ ನೈಟ್ರೋಜನ್ ಮಾಡುತ್ತಿದ್ದರು, ಈಗ ಬೇರೆ ರಾಸಾಯನಿಕಗಳಿವೆ. (ಜಪಾನಿನ ಟಕಾಟಾ ಕಂಪನಿ ಅಮೋನಿಯಂ ನೈಟ್ರೇಟ್ ಬಳಸಿತು. ಬಿಸಿ ಮತ್ತು ತೇವದ ಹವೆಯಲ್ಲಿ ವರ್ಷಗಟ್ಟಲೆ ಇದ್ದು ಅದು ಹದಗೆಟ್ಟಾಗ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಜನರನ್ನು ಕೊಂದವು, ಕೋಟಿಗಟ್ಟಲೆ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಹಳೆಯ ಕಾರು ಕೊಂಡವರು, ಅದರಲ್ಲೂ ಕರಾವಳಿಯವರು, ತಮ್ಮ ಕಾರು ಆ ಪಟ್ಟಿಯಲ್ಲಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ ತಿಳಿದುಕೊಳ್ಳಲೇಬೇಕು.) ಚೀಲ ಹೊರಬರುವ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ. ತುಂಬಿ ನಿಂತು, ಹಿಂಬದಿಯ ತೂತುಗಳಿಂದ ಗಾಳಿ ಬಿಡುತ್ತಾ ಕುಗ್ಗುತ್ತಿರುವಾಗ ತಲೆ ಅದಕ್ಕೆ ತಾಕಬೇಕು. ಲೆಕ್ಕ ಇರುವುದು ಹಾಗೆ. ಬೆಲ್ಟ್ ಹಾಕದವರ ತಲೆ ಚೀಲ ಇನ್ನೂ ಉಬ್ಬುತ್ತಿರುವಾಗಲೇ ಅಲ್ಲಿಗೆ ಬಂದಿರುತ್ತದೆ. ಕಾಪಾಡಬೇಕಾದ ಚೀಲ ಆಗ ಕತ್ತು ಮುರಿಯಬಲ್ಲದು. ಇಷ್ಟಾದರೂ ಬೆಲ್ಟಿನ ಅಲಾರಂ ಕಿರಿಕಿರಿ ಎಂದು ಬಾಯಿ ಮುಚ್ಚಿಸುವ ಖಾಲಿ ಕ್ಲಿಪ್ಪುಗಳು ಮಾರಾಟವಾಗುತ್ತಿದ್ದವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವನ್ನು ಆನ್‌ಲೈನ್ ಮಳಿಗೆಗಳಿಂದ ತೆಗೆಸಬೇಕಾಯಿತು.

ಗೂಡು, ಬೆಲ್ಟ್, ಚೀಲ ಮೂರೂ ಒಂದಕ್ಕೊಂದು ಎಷ್ಟು ಬೇಕು ಎಂಬುದು ಭಾರತಕ್ಕೆ ಸ್ಪಷ್ಟವಾದದ್ದು 2014ರ ಜನವರಿಯಲ್ಲಿ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸ್ವತಂತ್ರ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಪುಟ್ಟ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು ಗುದ್ದಿಸಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ವೇಗ 64 ಕಿ.ಮೀ.; ಎದುರಿಗೆ ಅಲ್ಯೂಮಿನಿಯಂನ ಮುದುಡುವ ತಡೆ; ತಾಕುವುದು ಕಾರಿನ ಅಗಲದ ನೂರಕ್ಕೆ 40 ಭಾಗ ಮಾತ್ರ. ಓವರ್‌ಟೇಕ್ ಮಾಡುವಾಗ ಎದುರಿನ ವಾಹನಕ್ಕೆ ಅರ್ಧಂಬರ್ಧ ತಗಲುವ ನಮ್ಮ ರಸ್ತೆಗಳ ಅಪಘಾತಕ್ಕೆ ಇದು ಹತ್ತಿರ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಆದರೆ ಎಲ್ಲ ಸೊನ್ನೆಯೂ ಒಂದೇ ಆಗಿರಲಿಲ್ಲ. ಆಲ್ಟೊ, ನ್ಯಾನೊ, ಐ10 ಕಾರುಗಳ ಗೂಡೇ ಕುಸಿದಿತ್ತು, ಏರ್‌ಬ್ಯಾಗ್ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ ಎಂದು ಸಂಸ್ಥೆ ಹೇಳಿತು. ಫಿಗೊ, ಪೋಲೊಗಳ ಗೂಡು ಗಟ್ಟಿಯಾಗಿ ನಿಂತಿತ್ತು. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಮತ್ತೆ ಗುದ್ದಿಸಿದಾಗ ನಾಲ್ಕು ಸ್ಟಾರ್ ಸಿಕ್ಕಿತು. ಕಂಪನಿ ಏರ್‌ಬ್ಯಾಗಿಲ್ಲದ ಪೋಲೊ ಮಾರಾಟವನ್ನೇ ನಿಲ್ಲಿಸಿತು.

ಇಲ್ಲಿಂದ ಐದು ವರ್ಷ ತುಂಬುವ ಮೊದಲೇ, 2018ರ ಡಿಸೆಂಬರಿನಲ್ಲಿ, ಭಾರತದ ಕಾರೊಂದಕ್ಕೆ ಮೊದಲ ಬಾರಿ ಐದು ಸ್ಟಾರ್ ಬಂತು. ಅದು ಟಾಟಾ ನೆಕ್ಸಾನ್. ಆ ಕಾರಿನಲ್ಲಿದ್ದದ್ದು ಎರಡೇ ಏರ್‌ಬ್ಯಾಗ್ ಎಂಬುದನ್ನು ಈಗ ಷೋರೂಮಿನಲ್ಲಿ ನಿಂತು ಏರ್‌ಬ್ಯಾಗ್ ಎಣಿಸುವವರು ಗಮನಿಸಬೇಕು. ಪಕ್ಕದ ಚೀಲಗಳು ಪಕ್ಕದ ಪೆಟ್ಟಿಗೆ ಖಂಡಿತ ಬೇಕು, ಬಾಗಿಲಿಗೂ ದೇಹಕ್ಕೂ ನಡುವೆ ಮುದುಡಲು ಜಾಗವೇ ಇಲ್ಲದ ಕಡೆ ಅವೇ ಗತಿ. ಆದರೆ ಗೂಡು ಗಟ್ಟಿಯಿಲ್ಲದ ಕಾರಿಗೆ ಆರು ಚೀಲ ಕೂರಿಸಿದರೆ ಅದು ಐದು ಸ್ಟಾರಿನ ಕಾರಾಗಿಬಿಡುವುದಿಲ್ಲ. ಸರ್ಕಾರವೂ ನಿಯಮಗಳನ್ನು ಬಿಗಿ ಮಾಡುತ್ತಾ ಬಂತು. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು, ಮುಂದಿನ ಪಕ್ಕದ ಸೀಟಿನದು ಆಮೇಲೆ ಬಂತು. 2023ರ ಅಕ್ಟೋಬರಿನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಅದರಲ್ಲಿ ಎದುರಿನ ಪೆಟ್ಟಿಗೆ ಅದೇ 64 ಕಿ.ಮೀ., ಪಕ್ಕದ ಪೆಟ್ಟಿಗೆ 50, ಕಂಬಕ್ಕೆ ಪಕ್ಕದಿಂದ ಗುದ್ದುವುದಕ್ಕೆ 29. ಅದೇ ಡಿಸೆಂಬರಿನಲ್ಲಿ ಮೊದಲ ಫಲಿತಾಂಶ ಬಂದಾಗ ಟಾಟಾ ಹ್ಯಾರಿಯರ್ ಮತ್ತು ಸಫಾರಿ ದೊಡ್ಡವರ ರಕ್ಷಣೆಗೆ 32ಕ್ಕೆ 30.08, ಮಕ್ಕಳ ರಕ್ಷಣೆಗೆ 49ಕ್ಕೆ 44.54 ಅಂಕ ಪಡೆದು ಐದೈದು ಸ್ಟಾರ್ ಗಳಿಸಿದವು. ಇದು ಕಡ್ಡಾಯ ಪರೀಕ್ಷೆಯಲ್ಲ, ಕಂಪನಿ ತಾನಾಗಿ ಕಾರನ್ನು ಪರೀಕ್ಷೆಗೆ ಒಡ್ಡಬೇಕು. ನನ್ನ ಮಟ್ಟಿಗೆ, ಕಾರು ಕೊಳ್ಳುವಾಗ ಸ್ಟಾರ್ ಇಲ್ಲದ್ದನ್ನೂ ಒಂದು ಉತ್ತರವೆಂದೇ ತಿಳಿಯಬೇಕು.

ಸ್ಟಾರ್ ಇದ್ದರೂ ಅದು ಹೇಳದ ಸಂಗತಿಗಳಿವೆ. ಪರೀಕ್ಷೆ 64ರದು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ನಿಗದಿಯಾದ ಗರಿಷ್ಠ ವೇಗ 100. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 100ರಲ್ಲಿ ಮೂತಿ ನುಂಗಬೇಕಾದ ಶಕ್ತಿ ಪರೀಕ್ಷೆಯದರ ಸುಮಾರು ಎರಡೂವರೆ ಪಟ್ಟು. ಎದುರಿನ ತಡೆ ಸರಿಸುಮಾರು ಅಷ್ಟೇ ತೂಕದ ಇನ್ನೊಂದು ಕಾರಿನ ಲೆಕ್ಕಕ್ಕೆ ಸಮ; ಲಾರಿಯ ಲೆಕ್ಕಕ್ಕಲ್ಲ. ನಿಂತ ಲಾರಿಗೆ ಹಿಂದಿನಿಂದ ಕಾರು ಗುದ್ದಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಲಾರಿಯ ಹಿಂಬದಿಯ ಕೆಳಗಿನ ತಡೆ ಸರಿಯಿಲ್ಲದಿದ್ದರೆ ಕಾರಿನ ಬಾನೆಟ್ ಅದರಡಿಗೆ ನುಗ್ಗಿ, ಲಾರಿಯ ಹಲಗೆ ಸೀದಾ ಮುಂದಿನ ಗಾಜಿಗೆ ಬರುತ್ತದೆ. ಮುದುಡಬೇಕಾದ ತೊಲೆಗಳಿಗೆ ಏನೂ ತಾಕುವುದೇ ಇಲ್ಲ. 2024ರ ಡಿಸೆಂಬರಿನಲ್ಲಿ ನೆಲಮಂಗಲದ ಬಳಿ ಕಂಟೇನರ್ ಲಾರಿ ಮಗುಚಿ ಬಿದ್ದು ಒಂದೇ ಕುಟುಂಬದ ಆರು ಮಂದಿ ತೀರಿಕೊಂಡ ಕಾರು, ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದ ಕಾರು. ಅಂಥ ಭಾರಕ್ಕೆ ಯಾವ ಗೂಡೂ ನಿಲ್ಲದು. ಅಲ್ಲಿ ಸುಧಾರಿಸಬೇಕಾದದ್ದು ಲಾರಿ, ರಸ್ತೆ ಮತ್ತು ವೇಗ.

ಸ್ಟಾರ್ ಹೇಳದ ಇನ್ನೊಂದು ಸಂಗತಿ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದ್ದು. ಎದುರಿನಿಂದ ಗುದ್ದಿಸುವ ಪರೀಕ್ಷೆಯಲ್ಲಿ ಮುಂದಿನ ಎರಡು ಸೀಟಿನಲ್ಲಿ ಸರಾಸರಿ ಗಂಡಸಿನ ಅಳತೆಯ ಬೊಂಬೆಗಳು, ಹಿಂದೆ ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳು ಮಾತ್ರ ಇರುತ್ತವೆ. ಹಿಂದೆ ಕೂತ ದೊಡ್ಡವರಿಗೆ ಏನಾಗುತ್ತದೆ ಎಂದು ಅದರಲ್ಲಿ ಯಾರೂ ಅಳೆಯುವುದಿಲ್ಲ. ನಮ್ಮಲ್ಲಿ ಹಿಂದೆ ಕೂರುವವರು ಯಾರು? ಅಜ್ಜಿ, ಅಜ್ಜ, ಅತ್ತೆ, ತಂಗಿ. ಅಂದರೆ ಮೂಳೆ ಸವೆದವರು, ಮೈ ಹಗುರ ಇದ್ದವರು. ಹಿಂದಿನ ಬೆಲ್ಟುಗಳಲ್ಲಿ ಮದ್ದಿನ ಗುಳಿಗೆಯೂ ತಿರುಚುವ ಸರಳೂ ಬಹಳ ಕಾರುಗಳಲ್ಲಿ ಇಲ್ಲ. ಇಷ್ಟರ ಮೇಲೆ ಬೆಲ್ಟ್ ಇದ್ದರೂ ಸೀಟ್ ಕವರಿನ ಕೆಳಗೆ ಹುದುಗಿಸಿಟ್ಟಿರುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಹಿಂದೆ ಕೂತಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಕೆಲವು ವಾರ ದೇಶವೆಲ್ಲ ಹಿಂದಿನ ಬೆಲ್ಟಿನ ಮಾತಾಡಿ ಸುಮ್ಮನಾಯಿತು. ಬೆಲ್ಟಿಲ್ಲದೆ ಹಿಂದೆ ಕೂತವರು ತಾವಷ್ಟೇ ಸಾಯುವುದಿಲ್ಲ. 50ರ ವೇಗದಲ್ಲಿ ಮುಂದಿನ ಸೀಟಿನ ಬೆನ್ನಿಗೆ ಬಡಿದು, ಬೆಲ್ಟ್ ಹಾಕಿ ಕೂತವರನ್ನೂ ಸ್ಟೀರಿಂಗಿನತ್ತ ತಳ್ಳುತ್ತಾರೆ.

ಮಡಿಲಿನ ಮಗುವಿನ ವಿಷಯದಲ್ಲಿ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಹತ್ತು ಕೆ.ಜಿ.ಯ ಮಗು, 50ರ ವೇಗ, 16 ಪಟ್ಟು. ಅವುಚಿ ಹಿಡಿದ ತಾಯಿಯ ತೋಳುಗಳಿಗೆ ಆ ಕ್ಷಣಕ್ಕೆ ಅದು 160 ಕೆ.ಜಿ.ಗೂ ಮೀರಿದ ಭಾರ. ಎಷ್ಟು ಪ್ರೀತಿಯಿದ್ದರೂ ಆ ಹಿಡಿತ ನಿಲ್ಲದು. ತಾಯಿಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಇನ್ನೂ ಕೆಟ್ಟದ್ದು, ತಾಯಿಯ ಮೈಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಕೂಸಿನ ತಲೆ ಮೈಯುದ್ದದ ಸುಮಾರು ಕಾಲುಭಾಗ, ಕತ್ತು ಎಳೆಯದು. ಅದಕ್ಕೇ ಸಣ್ಣ ಮಕ್ಕಳ ಸೀಟು ಹಿಂದಕ್ಕೆ ಮುಖ ಮಾಡಿರಬೇಕು, ಆಗ ಪೆಟ್ಟು ತಲೆ, ಕತ್ತು, ಬೆನ್ನಿಗೆಲ್ಲ ಒಟ್ಟಿಗೆ ಹಂಚುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್‌ಗೆ ಇದು ಹೊಳೆದದ್ದು ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗುವ ಸೀಟನ್ನು ನೋಡಿ. ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಇಂಥ ಸೀಟನ್ನು ಎಂದೂ ಇಡಬಾರದು. 14 ವರ್ಷದೊಳಗಿನವರಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 2019ರ ತಿದ್ದುಪಡಿಯಂತೆ ಸಾವಿರ ರೂಪಾಯಿ ದಂಡವಿದೆ. ನಾಮಕರಣಕ್ಕೆ ಬೆಳ್ಳಿ ಲೋಟ, ಬೆಳ್ಳಿ ಗಿಲಕಿ ಕೊಡುವ ನಂಟರು ಒಟ್ಟು ಸೇರಿ ಒಂದು ಕಾರ್ ಸೀಟ್ ಕೊಡಿಸಿದರೆ ಆ ಮನೆಗೆ ಅದಕ್ಕಿಂತ ಬೆಲೆಬಾಳುವ ಉಡುಗೊರೆ ಇಲ್ಲ.

ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆಯೂ ಹೇಳಬೇಕು. ಸೀಮಂತ ಮುಗಿಸಿಕೊಂಡು ತವರಿಗೆ ಹೊರಟ ಬಸುರಿಗೆ "ಬೆಲ್ಟ್ ಬೇಡಮ್ಮ, ಹೊಟ್ಟೆಗೆ ಒತ್ತುತ್ತೆ" ಎಂದು ಹಿರಿಯರು ಕಾಳಜಿಯಿಂದಲೇ ಹೇಳುತ್ತಾರೆ. ಒತ್ತುವುದು ಬೆಲ್ಟನ್ನು ತಪ್ಪು ಜಾಗದಲ್ಲಿ ಹಾಕಿದರೆ. ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಮೇಲೆ ಬರಬಾರದು, ಅದರ ಕೆಳಗೆ, ಎರಡೂ ಬದಿಯ ಸೊಂಟದ ಮೂಳೆಗೆ ತಾಗಿಕೊಂಡು ತೊಡೆಯ ಸಂದಿನಲ್ಲಿ ಚಪ್ಪಟೆಯಾಗಿ ಕೂರಬೇಕು. ಮೇಲಿನ ಪಟ್ಟಿ ಹೆಗಲಿನಿಂದ ಇಳಿದು ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಸರಿಯಬೇಕು, ಕಂಕುಳ ಕೆಳಗೆ ಹೋಗಬಾರದು. ನೆರಿಗೆ ದಪ್ಪಗಿದ್ದರೆ ಪಟ್ಟಿಯನ್ನು ನೆರಿಗೆಯ ಕೆಳಕ್ಕೆ ತಂದು ಒಮ್ಮೆ ಎಳೆದು ಬಿಗಿ ಮಾಡಿಕೊಳ್ಳಬೇಕು. ಸೀಟಿನ ಬೆನ್ನನ್ನು ತೀರಾ ಹಿಂದಕ್ಕೆ ವಾಲಿಸಿದರೆ ದೇಹ ಪಟ್ಟಿಯಡಿಯಿಂದ ಜಾರಿ, ಪಟ್ಟಿ ಹೊಟ್ಟೆಗೆ ಏರುತ್ತದೆ. ಸುಸ್ತಾದಾಗ ಕಾರು ನಿಲ್ಲಿಸಿ ಇಳಿದು ಕಾಲಾಡಿಸಿದರೆ ಆಯಿತು. ಮುಂದೆ ಕೂತರೆ ಸೀಟನ್ನು ಆದಷ್ಟು ಹಿಂದಕ್ಕೆ ಸರಿಸಿ ಡ್ಯಾಶ್‌ಬೋರ್ಡಿಗೂ ಹೊಟ್ಟೆಗೂ ನಡುವೆ ಜಾಗ ಬಿಡಬೇಕು. ಸಣ್ಣದೇ ಡಿಕ್ಕಿಯಾಗಿ, ಎಲ್ಲೂ ನೋವಿಲ್ಲ ಅನಿಸಿದರೂ, ಅದೇ ದಿನ ಹೆರಿಗೆ ಡಾಕ್ಟರಿಗೆ ತೋರಿಸಬೇಕು.